ಭಾನುವಾರ ಕೇಳದ ಮಾತು

"ಇಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದ ಮುದುಕ ಈಗ್ಯಾಕೆ ಮಾತಾಡ್ತಾನೆ?"

ಆಂಬ್ರೋಸ್ ಫೇನ್ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಹ್ಯಾಮರ್‌ಸ್ಮಿತ್‌ನ ಹುಡುಗರ ಕ್ಲಬ್ಬೊಂದರ ಹಾಲಿನಲ್ಲಿ ನಮ್ಮ ಟೆಲಿವಿಷನ್ ನಾಟಕದ ತಾಲೀಮು ನಡೆಯುತ್ತಿತ್ತು. ನೆಲಕ್ಕೆ ಅಂಟಿಸಿದ ಬಣ್ಣದ ಪಟ್ಟಿಯೇ ಗೋಡೆ, ಎರಡು ಕುರ್ಚಿಗಳ ನಡುವಿನ ಸಂದೇ ಬಾಗಿಲು. ಇಲ್ಲದ ಆ ಗೋಡೆಯನ್ನು ನೋಡುತ್ತಾ ಅವರು ಕೇಳಿದರು. ನಿರ್ದೇಶಕ ರೂಪರ್ಟ್ ವೇಲ್ ಸಿಗರೇಟು ಹಚ್ಚುವುದರಲ್ಲಿದ್ದ. ಕಿಟಕಿಯ ಪಕ್ಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಾಟಕಕಾರ ಡೆನಿಸ್ ಬೂತ್ ಮಾತ್ರ, ಶಾಲೆಯಲ್ಲಿ ಹೆಸರು ಕರೆದವನ ಹಾಗೆ ಎದ್ದು ನಿಂತ.

"ಯಾಕಂದ್ರೆ ಸರ್, ಅವರು ನಿಜವಾಗ್ಲೂ ಮಾತಾಡಿದ್ರು."

"ಯಾರಪ್ಪಾ?"

"ನಮ್ಮಪ್ಪ. ಅಮ್ಮನ ಮಣ್ಣಿನ ದಿನ, ಚಹಾಕ್ಕೆ ಎಲ್ಲ ಕೂತಾಗ."

ಆಂಬ್ರೋಸ್ ತಲೆಯಾಡಿಸಿದರು. ನಟನಿಗೆ 'ಯಾಕೆ' ಎಂಬುದಕ್ಕೆ ಉತ್ತರ ಬೇಕಿರುವುದಿಲ್ಲ. ಕೇಳಿ ಮುಗಿಸಿದರೆ ಸಮಾಧಾನ. "ಒಳ್ಳೇದು. ಹಾಗಾದ್ರೆ ನಾನೂ ಮಾತಾಡ್ತೀನಿ" ಎಂದು ಕುರ್ಚಿಯಲ್ಲಿ ಕೂತರು.

ನಾಟಕದ ಹೆಸರು 'ಕೊನೆಯ ಚಹಾ'. ಲ್ಯಾಂಕಾಶೈರ್‌ನ ಒಂದು ನೇಯ್ಗೆಯ ಊರು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಕುರುಡ ಮುದುಕನ ಅಡುಗೆಮನೆಯಲ್ಲಿ ನೆಂಟರು ಹ್ಯಾಮ್ ತಿನ್ನುತ್ತಾ, ಸತ್ತವಳ ಪಿಂಗಾಣಿ ಯಾರಿಗೆ, ಗಡಿಯಾರ ಯಾರಿಗೆ ಎಂದು ಮಾತಾಡುತ್ತಾರೆ. ಮುದುಕ ಮಾತಾಡುವುದಿಲ್ಲ. ಕೊನೆಗೆ ಯಾರೋ "ಪಾಪ, ತುಟಿ ಕಾಣದ ಈ ಕುರುಡನ ಜೊತೆ ಕೂಗಿ ಕೂಗಿಯೇ ಸತ್ತಳು" ಅನ್ನುತ್ತಾರೆ. ಆಗ ಅವನು ಬಾಯಿ ತೆರೆಯುತ್ತಾನೆ. ಅವನ ಮಾತು ಮುಗಿದ ಮೇಲೆ ನಾದಿನಿ "ಚಹಾ ಆರ್ತಿದೆ, ಭಾವ" ಅನ್ನುತ್ತಾಳೆ. ನಾಟಕ ಮುಗಿಯುತ್ತದೆ.

ನಿಜದ ಅಡುಗೆಮನೆಯಲ್ಲಿ ಡೆನಿಸ್‌ನ ಚಿಕ್ಕಮ್ಮ ಆ ಚಹಾದ ಮಾತನ್ನು ಸ್ವಲ್ಪ ಮೊದಲೇ ಆಡಿದ್ದಳಂತೆ. ಅವನ ಕುರುಡ ಅಪ್ಪ ಏಬೆಲ್ ಬೂತ್ ಆಗಿನ್ನೂ ಅರ್ಧ ಹೇಳಿದ್ದರು. ಅಷ್ಟರಲ್ಲಿ ಚಹಾ ಆರಿತು. ಉಳಿದರ್ಧವನ್ನು ಮತ್ತೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಅರ್ಧವನ್ನು ಡೆನಿಸ್ ತಾನೇ ಬರೆದಿದ್ದ.

ನನ್ನ ಕೆಲಸ ಮರೆತ ನಟರಿಗೆ ಮಾತು ಎತ್ತಿಕೊಡುವುದು. ನಾನು ವೇಲ್ಸಿನ ಕಣಿವೆಯವಳು. ನಮ್ಮ ಪ್ರಾರ್ಥನಾಲಯದಲ್ಲಿ ಪ್ರತಿ ಭಾನುವಾರ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಒಂದು ವಾಕ್ಯ ಬಾಯಿಪಾಠ ಒಪ್ಪಿಸಬೇಕು. ಮರೆತು ನಿಂತ ಮಗುವಿಗೆ ಹಿರಿಯರು ಮೊದಲ ಪದವನ್ನಷ್ಟೇ ಕೊಟ್ಟು ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಸರಿ, ವಾಕ್ಯ ಮುಗಿಯುವವರೆಗೆ ಸಭೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಪದ್ಯ ಹೇಳುವಾಗಲೂ ಅದೇ ಕಟ್ಟಳೆ. ಈ ಕೆಲಸಕ್ಕೆ ಬೇಕಾದದ್ದೆಲ್ಲ ನಾನು ಅಲ್ಲೇ ಕಲಿತಿದ್ದೆ. ಒಂದೇ ವ್ಯತ್ಯಾಸ, ಇಲ್ಲಿ ಕೈಗೊಂದು ಗುಂಡಿ ಕೊಡುತ್ತಿದ್ದರು.

ಆಗ ನಾಟಕಗಳನ್ನು ಮೊದಲೇ ಚಿತ್ರೀಕರಿಸಿ ಇಟ್ಟುಕೊಳ್ಳುತ್ತಿರಲಿಲ್ಲ. ಭಾನುವಾರ ಸಂಜೆ ಸ್ಟುಡಿಯೋದಲ್ಲಿ ಆಡಿದ ಹಾಗೆಯೇ ಆ ಕ್ಷಣಕ್ಕೆ ಮನೆಮನೆಗೆ ಹೋಗುತ್ತಿತ್ತು. ಗುರುವಾರ ಅದೇ ನಟರು ಬಂದು ಅದೇ ನಾಟಕವನ್ನು ಮೊದಲಿನಿಂದ ಇನ್ನೊಮ್ಮೆ ಆಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಅದು ಎಲ್ಲೂ ಇಲ್ಲ.

ನಡುವೆ ಯಾರಾದರೂ ಮಾತು ಮರೆತರೆ ನಾನು ಗುಂಡಿ ಒತ್ತಬೇಕು. ಒತ್ತಿದಷ್ಟು ಹೊತ್ತು ಸ್ಟುಡಿಯೋದ ಸದ್ದು ಹೊರಗೆ ಹೋಗದು. ಆ ಸಂದಿನಲ್ಲಿ ಸಾಲನ್ನು ಕೂಗಿ ಹೇಳಿ, ನಟ ಹಿಡಿದುಕೊಂಡ ಕೂಡಲೇ ಬೆರಳು ಎತ್ತಬೇಕು. ಮನೆಯಲ್ಲಿ ನೋಡುವವರಿಗೆ ಟೆಲಿವಿಷನ್ ಪೆಟ್ಟಿಗೆ ಒಮ್ಮೆ ಉಸಿರು ಕಟ್ಟಿ ಬಿಟ್ಟ ಹಾಗೆ ಅನ್ನಿಸುತ್ತದೆ, ಅಷ್ಟೆ.

ಭಾನುವಾರ ಎಲ್ಲ ಸರಿಯಾಗಿ ಸಾಗಿತು. ನೆಂಟರು ಜಗಳಾಡಿದರು, ಹ್ಯಾಮ್ ಖಾಲಿಯಾಯಿತು, "ಕೂಗಿ ಕೂಗಿಯೇ ಸತ್ತಳು" ಎಂಬ ಮಾತು ಬಂತು. ಕ್ಯಾಮೆರಾ ಆಂಬ್ರೋಸ್ ಅವರ ಮುಖದ ಹತ್ತಿರಕ್ಕೆ ತೆವಳಿತು. ಅವರು ಬಾಯಿ ತೆರೆದರು. ಬಾಯಲ್ಲಿ ಏನೂ ಇರಲಿಲ್ಲ. ಕುರುಡನ ಪಾತ್ರ, ನನ್ನತ್ತ ನೋಡುವಂತೆಯೂ ಇಲ್ಲ. ನಾನು ಗುಂಡಿ ಒತ್ತಿ, "ನೀವೆಲ್ಲ ಅವಳನ್ನ ಪಾಪ ಅಂತೀರಿ" ಎಂದೆ. ಅವರು ಹಿಡಿದುಕೊಂಡರು. ನಾನು ಬೆರಳೆತ್ತಿದೆ.

"ನೀವೆಲ್ಲ ಅವಳನ್ನ ಪಾಪ ಅಂತೀರಿ. ಮಗ್ಗದ ಸದ್ದಲ್ಲಿ ಕಿವಿ ಕೇಳ್ದೆ ಪ್ರೀತಿ ಮಾಡಿದೋರು ನಾವು. ತುಟಿಲೇ ಮಾತು, ತುಟಿಲೇ ಉತ್ತರ. ಮದುವೆ ಆದ್ಮೇಲೂ ಅದೇ ರೂಢಿ. ಬೈದ್ರೂ ತುಟಿಲಿ, ದೇವರನ್ನ ಕರೆದ್ರೂ ತುಟಿಲಿ. ಅವಳ ದನಿ ಹೇಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಇಲ್ಲಿಗೆ ಏಬೆಲ್ ಬೂತರ ಅರ್ಧ. ಇನ್ನು ಮುಂದೆ ಮಗನದು.

"ಕಣ್ಣು ಹೋಯ್ತು. ಆಗ ಅವಳು ಬಾಯಿ ಬಿಡ್ಲೇಬೇಕಾಯ್ತು. ಮೊದಲನೇ ದಿನ ಯಾರೋ ಹುಡುಗಿ ಮನೆಗೆ ಬಂದಿದಾಳೆ ಅಂದ್ಕೊಂಡೆ. ಅಂಥಾ ದನಿ. ದೇವರು ಕಣ್ಣು ತಗೊಂಡು ದನಿ ಕೊಟ್ಟ. ನಾನು ಲೆಕ್ಕ ಕೇಳೋಕೆ ಹೋಗಿಲ್ಲ. ನೀವೂ ಕೇಳ್ಬೇಡಿ."

ತಾಲೀಮಿನಲ್ಲಿ ಒಮ್ಮೆಯೂ ಅವರು ಹೀಗೆ ಹೇಳಿರಲಿಲ್ಲ. ನಾದಿನಿಯಾಗಿದ್ದ ಬೆರಿಲ್ ತನ್ನ ಸಾಲು ಹೇಳಲು ಮನಸ್ಸಾಗದೆ ಒಂದು ಗುಟುಕು ಚಹಾ ಕುಡಿದಳು. ಪುಟ ತಿರುಗಿಸಲು ಕೈ ಆಡಿಸಿದಾಗ ನನಗೆ ಕಂಡಿತು: ಬೆರಳು ತೆಗೆದಿದ್ದರೂ ಗುಂಡಿ ಮೇಲೆ ಬಂದಿರಲಿಲ್ಲ. ಸ್ಪ್ರಿಂಗ್ ಒಳಗೇ ಕಚ್ಚಿಕೊಂಡಿತ್ತು. ಉಗುರಿನಿಂದ ಕೆದಕಿದೆ, ಟಕ್ ಎಂದು ಎದ್ದಿತು. ಅದೇ ಗಳಿಗೆಗೆ ಬೆರಿಲ್ ಬಾಯಿ ತೆರೆದಳು.

ಹೀಗಾಗಿ ದೇಶ ಕಂಡದ್ದು ಇಷ್ಟು: ಒಬ್ಬ ಕುರುಡ ಮುದುಕ ಸದ್ದಿಲ್ಲದೆ ತುಟಿ ಆಡಿಸಿದ, ಆಡಿಸಿದ, ಆಡಿಸುತ್ತಲೇ ಇದ್ದ. ಆಮೇಲೆ ಒಬ್ಬಳು ಸ್ಪಷ್ಟವಾಗಿ ಹೇಳಿದಳು, "ಚಹಾ ಆರ್ತಿದೆ, ಭಾವ."

ಮೇಲಿನ ನಿಯಂತ್ರಣ ಕೋಣೆಯಿಂದ ರೂಪರ್ಟ್ ಸುಣ್ಣದಂಥ ಮುಖ ಹೊತ್ತು ಇಳಿದು ಬಂದ. ಧ್ವನಿಯ ಮೇಲ್ವಿಚಾರಕ ಪೆನ್ರೋಸ್ ಅವನ ಹಿಂದೆಯೇ ಬಂದರು. "ಮಾತು ಎತ್ತಿಕೊಡೋ ಗುಂಡಿಯ ದೀಪ ಉರೀತಿತ್ತು. ಆ ದೀಪ ಉರಿಯೋವಾಗ ನಮ್ಮ ವಿಭಾಗ ಏನನ್ನೂ ಮುಟ್ಟೋ ಹಾಗಿಲ್ಲ. ನಿಯಮ ನಾನು ಮಾಡಿದ್ದಲ್ಲ" ಎಂದು ನಾಲ್ಕು ಜನರಿಗೆ ಬೇರೆಬೇರೆಯಾಗಿ ಹೇಳಿದರು. ಆಂಬ್ರೋಸ್ ಬಣ್ಣ ಒರೆಸಿಕೊಳ್ಳುತ್ತಿದ್ದರು. ವಿಷಯ ಕೇಳಿ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಒಂದು ಪದಾನೂ ಹೋಗ್ಲಿಲ್ವಾ, ಮಗೂ?"

"ಇಲ್ಲ, ಮಿಸ್ಟರ್ ಫೇನ್."

"ಎಷ್ಟೋ ಕೆಟ್ಟ ಮಾತುಗಳನ್ನ ಇಡೀ ದೇಶಕ್ಕೆ ಕೇಳಿಸಿದೀನಿ. ಇದೊಂದು ನೋಡು" ಎಂದರು.

ಸೋಮವಾರ ಕಚೇರಿಯಲ್ಲಿ ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ಡೆನಿಸ್ ಬಂದ, ಕಣ್ಣು ಕೆಂಪಗಿತ್ತು. ಊರಿನ ಮೂಲೆಯಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದ್ದ. "ನೀವೇ ಹೇಳಿ ಮಿಸ್ ಪ್ರಾಸರ್. ಪೆಟ್ಟಿಗೆ ಕೆಟ್ಟಿತ್ತು ಅಂತ ನೆರೆಯವರ ಜೊತೆ ಜಗಳಕ್ಕೆ ನಿಂತಿದಾರೆ. ನನ್ನ ಮಾತು ನಂಬಲ್ಲ" ಎಂದು ಫೋನನ್ನು ನನ್ನ ಕೈಗೆ ಕೊಟ್ಟ.

"ಯಾರಮ್ಮ ನೀನು?" ಎಂದಿತು ಆ ಕಡೆಯ ಒರಟು ದನಿ.

"ನೆಸ್ಟಾ ಪ್ರಾಸರ್. ನಾಟಕದಲ್ಲಿ ಮಾತು ಎತ್ತಿಕೊಡೋಳು."

"ಎತ್ತಿಕೊಡೋಳೋ, ಎತ್ತಿಟ್ಕೊಳ್ಳೋಳೋ?"

ನಾನು ಗುಂಡಿಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಲ್ಲಮ್ಮ, ಮಿಸೆಸ್ ಕ್ಲೆಗ್ ಮನೆ ಪೆಟ್ಟಿಗೆ ಅದು. ಸದ್ದು ನಿಂತಿದ್ದೇ ಅವಳು ಅದರ ನೆತ್ತಿ ಮೇಲೆ ಎರಡು ಗುದ್ದಿದ್ಲು. ಆಮೇಲೆ ಕೋಣೆ ತುಂಬ ಹೆಂಗಸರು ಮೂಗು ಸೀಟೋಕೆ ಶುರು. ಏನ್ರೇ ಆಯ್ತು ಅಂದ್ರೆ, ಸುಮ್ನಿರು ಏಬೆಲ್, ಓದ್ಕೊಳ್ತಿದೀವಿ ಅಂತಾರೆ. ಎಲ್ರೂ ಮಿಲ್ಲಲ್ಲಿ ದುಡಿದೋರು, ತುಟಿ ಓದೋಕೆ ಬರುತ್ತಲ್ಲ. ನನ್ನ ಮಾತು ನನ್ನೊಬ್ಬನ್ನ ಬಿಟ್ಟು ಊರಿಗೆಲ್ಲ ಗೊತ್ತಾಯ್ತು."

"ಅವರ‍್ಯಾರೂ ಆಮೇಲೆ ನಿಮಗೆ ಹೇಳ್ಲಿಲ್ವಾ?"

"ಕ್ಲೆಗ್ ಹೇಳೋಕೆ ಬಂದ್ಲು. ಅವಳ ಬಾಯಲ್ಲಿ ದಾವೀದರಾಜನ ಕೀರ್ತನೆ ಬಂದ್ರೂ ಮೀನು ಮಾರಿದ ಹಾಗಿರುತ್ತೆ, ಬೇಡ ಅಂದೆ. ಅರ್ಧ ನನ್ನದು, ನಂಗೆ ಗೊತ್ತು. ಉಳಿದರ್ಧ ನನ್ನ ಮಗ ಬರೆದಿದಾನಂತೆ. ನಾನೇನು ಹೇಳೋಕೆ ಹೊರಟಿದ್ದೆ ಅಂತ ಅವನಿಗೆ ತಿಳಿದಿತ್ತೋ ಇಲ್ವೋ, ಅದು ಕೇಳ್ಬೇಕಿತ್ತು. ಎದುರಿಗೆ ಕೂರ‍್ಸಿ ಕೇಳೋ ಮನೆತನ ಅಲ್ಲ ನಮ್ಮದು."

"ಗುರುವಾರ ಮತ್ತೆ ಇದೆ. ಆವತ್ತು ಕೇಳ್ತೀರಿ" ಎಂದೆ.

"ನೀನು ಮಾತು ಕೊಡ್ತೀಯಾ?"

"ಕೊಡ್ತೀನಿ."

"ಸರಿ. ಕ್ಲೆಗ್ ಹತ್ರ ಮತ್ತೆ ಹಲ್ಲು ಗಿಂಜ್ಬೇಕು ಹಾಗಾದ್ರೆ" ಎಂದು ಫೋನ್ ಇಟ್ಟರು.

ಡೆನಿಸ್ ನನ್ನ ಕೈ ಕುಲುಕಿದ. ಕುಲುಕುತ್ತಲೇ ಇದ್ದ. ಅಷ್ಟರಲ್ಲಿ ರೂಪರ್ಟ್ ಕಂಕುಳ ತುಂಬ ಪತ್ರಿಕೆ ಹೊತ್ತು ಒಳಗೆ ಬಂದ. ನಿನ್ನೆಯ ಸುಣ್ಣ ಮುಖದಿಂದ ಪೂರ್ತಿ ಹೋಗಿತ್ತು.

"ಕೇಳಿ, ಕೇಳಿ. 'ಕೊನೆಗೂ ಟೆಲಿವಿಷನ್ನಿಗೆ ಬಾಯಿ ಮುಚ್ಚಿಕೊಳ್ಳುವ ಧೈರ್ಯ ಬಂದಿದೆ.' ಇದು ಇನ್ನೊಂದು: 'ದುಃಖಕ್ಕೆ ದನಿಯಿಲ್ಲ ಎಂಬುದನ್ನು ಈ ಹೊಸ ನಾಟಕಕಾರ ಬಲ್ಲ. ತುಟಿಗಳು ಅಲುಗುತ್ತವೆ, ಜಗತ್ತಿಗೆ ಏನೂ ಕೇಳಿಸದು, ಚಹಾ ಆರುತ್ತದೆ.' ಡೆನಿಸ್, ನೀನು ಪುಣ್ಯವಂತ ಕಣಯ್ಯ."

"ಆದ್ರೆ ಅದು..." ಎಂದ ಡೆನಿಸ್.

"ಅದೇನೂ ಹೇಳ್ಬೇಡ. ಯಾರ ಹತ್ರಾನೂ."

ಮಧ್ಯಾಹ್ನದ ಊಟದ ಹೊತ್ತಿಗೆ ಅದು ಒದಗಿ ಬಂದ ವರವಾಗಿತ್ತು. ಚಹಾದ ಹೊತ್ತಿಗೆ ರೂಪರ್ಟ್‌ಗೆ ಮೊದಲಿನಿಂದಲೂ ಆ ಯೋಚನೆ ಇತ್ತು. ಮಂಗಳವಾರ ಯಾರೋ ಪತ್ರಿಕೆಯವನಿಗೆ ತಾನು ಆ ಮೌನವನ್ನು ಹೇಗೆ ಕಟ್ಟಿದೆ ಎಂದು ವಿವರಿಸುತ್ತಿದ್ದ. ಅದನ್ನು ಕೇಳುತ್ತಾ ನನಗೂ ಒಂದು ಕ್ಷಣ ನಂಬಿಕೆ ಬಂತು.

ಡೆನಿಸ್ ಅಷ್ಟು ಬೇಗ ಬದಲಾಗಲಿಲ್ಲ. ಅವನನ್ನು ದಿನಕ್ಕಿಷ್ಟು ಎಂದು ಹದ ಮಾಡಿದರು. ಮಂಗಳವಾರ ನಾಟಕ ವಿಭಾಗದ ಮುಖ್ಯಸ್ಥರು ಊಟಕ್ಕೆ ಕರೆದು, ಇನ್ನು ಮೂರು ನಾಟಕ ಬರೆದುಕೊಡು ಎಂದರು. "ಆದರೆ ಇದೇ ಥರ. ಮಾತು ಕಡಿಮೆ" ಎಂದರಂತೆ. ಬುಧವಾರ ಅವನು ಟೋಪಿಯನ್ನು ತೊಡೆಯ ಮೇಲಿಡದೆ ಗೂಟಕ್ಕೆ ನೇತುಹಾಕಿದ. ವಾಕ್ಯಗಳನ್ನು ಅರ್ಧಕ್ಕೆ ಬಿಡತೊಡಗಿದ. ಕ್ಯಾಂಟೀನಿನಲ್ಲಿ ಉಪ್ಪು ಬೇಕಾದರೂ ಸುಮ್ಮನೆ ಉಪ್ಪಿನ ಕಡೆ ನೋಡುತ್ತಿದ್ದ, ಯಾರಾದರೂ ಕೊಡುತ್ತಿದ್ದರು.

ಬುಧವಾರದ ತಾಲೀಮಿನಲ್ಲಿ ರೂಪರ್ಟ್ ಆಂಬ್ರೋಸ್ ಅವರ ಹೆಗಲ ಮೇಲೆ ಕೈಯಿಟ್ಟ.

"ಆ ಕೊನೇ ಮಾತು. ಅದನ್ನ ಬರೀ ತುಟೀಲಿ ಆಡಿಬಿಡಿ, ಚಿನ್ನ. ಭಾನುವಾರ ಕಂಡ ಹಾಗೆ."

"ಭಾನುವಾರ ನಾನು ಗಟ್ಟಿಯಾಗೇ ಆಡಿದ್ದೆ."

"ಗೊತ್ತು. ಆದ್ರೆ ಕಂಡದ್ದು ಬೇರೆ."

"ನಾನು ಕಲಿತದ್ದು ಹಿಂದಿನ ಕೊನೇ ಬೆಂಚಿಗೆ ಕೇಳಿಸೋದು, ರೂಪರ್ಟ್. ಗಾಜಿನೊಳಗಿನ ಮೀನಿನ ಪಾರ್ಟು ಬೇಕಾದ್ರೆ ಮೀನು ಅಂಗಡಿಗೆ ಹೇಳಿಕಳಿಸು. ಒಂದು ಸಲ ಮಾತು ಮರೆತೆ, ಒಪ್ಪಿದೆ. ಬೇಕಂತಲೇ ಮರೆಯೋ ವಯಸ್ಸು ಇನ್ನೂ ಬಂದಿಲ್ಲ."

ರೂಪರ್ಟ್ ನಕ್ಕು, "ನಿಮ್ಮಿಷ್ಟ, ನಿಮ್ಮಿಷ್ಟ" ಎಂದ. ಆಟ ಒಮ್ಮೆ ಶುರುವಾದ ಮೇಲೆ ನಟನ ಬಾಯಿಗೆ ಅಡ್ಡ ಬರುವವರು ಯಾರೂ ಇಲ್ಲ ಎಂದು ಅವನಿಗೂ ಗೊತ್ತಿತ್ತು. ಅಲ್ಲಿಂದ ನೇರ ಪೆನ್ರೋಸ್ ಹತ್ತಿರ ಹೋದ. ಆ ಗಳಿಗೆಗೆ ಧ್ವನಿಯನ್ನು ಮೆಲ್ಲಗೆ ಇಳಿಸಿಬಿಡಿ ಎಂದ. ಪೆನ್ರೋಸ್ ಕನ್ನಡಕ ತೆಗೆದು ಒರೆಸಿದರಂತೆ.

"ನಮ್ಮ ವಿಭಾಗದಿಂದ ಸದ್ದು ಹೋದ್ರೆ ಅದು ದೋಷ, ಮಿಸ್ಟರ್ ವೇಲ್. ದೋಷಕ್ಕೆ ಕಾರಣ ಬರೀಬೇಕು. ಬೇಕು ಅಂತ ಮಾಡಿದ ದೋಷಕ್ಕೆ ಬರೆಯೋ ಕಾರಣ ಇನ್ನೂ ಹುಟ್ಟಿಲ್ಲ. ಎತ್ತಿಕೊಡೋ ಗುಂಡಿಯಿಂದ ಹೋದ್ರೆ ಅದು ನಿಮ್ಮ ಕಡೇದು. ಅದಕ್ಕೆ ಯಾರೂ ಕಾರಣ ಕೇಳಲ್ಲ."

ಆ ಕೊನೆಯ ಮಾತನ್ನು ಅವರು ಸುಮ್ಮನೆ ನಿಯಮ ತಿಳಿಸಲು ಹೇಳಿದ್ದರು. ರೂಪರ್ಟ್ ಅದನ್ನು ಸಲಹೆಯೆಂದು ತೆಗೆದುಕೊಂಡ.

ಗುರುವಾರ ಮಧ್ಯಾಹ್ನ. ಸ್ಟುಡಿಯೋದಲ್ಲಿ ಎಲ್ಲರೂ ಚಹಾಕ್ಕೆ ಹೋಗಿದ್ದರು. ನಾನು ಅಡುಗೆಮನೆಯ ರಂಗಸಜ್ಜಿಕೆಯ ಪಕ್ಕ, ನನ್ನ ಸ್ಟೂಲಿನ ಮೇಲೆ, ಗುಂಡಿಯನ್ನು ಒತ್ತಿ ಬಿಟ್ಟು ನೋಡುತ್ತಿದ್ದೆ. ಎಂಜಿನಿಯರರು ಹೊಸ ಸ್ಪ್ರಿಂಗ್ ಹಾಕಿದ್ದರು. ಬೆರಳು ಎತ್ತುವ ಮೊದಲೇ ಏಳುವಷ್ಟು ಚುರುಕಾಗಿತ್ತು. ಡೆನಿಸ್ ಬಂದು ಸತ್ತವಳ ಕುರ್ಚಿಯಲ್ಲಿ ಕೂತ.

"ಚಹಾ ಕುಡೀಲಿಲ್ವಾ, ಮಿಸ್ ಪ್ರಾಸರ್?"

"ಆಮೇಲೆ ಕುಡೀತೀನಿ."

ಅವನು ಮೇಜಿನ ಮೇಲಿನ ಹ್ಯಾಮಿನ ತಟ್ಟೆಯನ್ನು ಸರಿಪಡಿಸಿದ. "ಮಿಸ್ಟರ್ ಫೇನ್ ಇವತ್ತು ಮಾತಾಡ್ತಾರೆ."

"ಅವರ ಪಾತ್ರ ಅದು."

"ಹೌದು. ರೂಪರ್ಟ್ ಹೇಳ್ತಿದ್ರು, ಇದರಲ್ಲಿ ಹಕ್ಕು ಬರೆದವನದು ಅಂತ. ಬರೆದವನು ಒಂದು ಕಡೆ ಸದ್ದು ಬೇಡ ಅಂದ್ರೆ ಬೇಡ." ನನ್ನ ಕೈಯನ್ನು ನೋಡಿದ, ಉಪ್ಪನ್ನು ನೋಡುತ್ತಿದ್ದ ಹಾಗೆಯೇ. ನಾನು ಏನನ್ನೂ ಕೊಡಲಿಲ್ಲ. ಬಾಯಿಬಿಟ್ಟೇ ಕೇಳಬೇಕಾಯಿತು. "ಅವರು ಶುರು ಮಾಡಿದ ಕೂಡ್ಲೆ ಒತ್ತಿಬಿಡಿ. ಬೆರಿಲ್ ಬಾಯಿ ತೆಗೆಯೋವಾಗ ಬಿಟ್ರೆ ಸಾಕು."

"ನಿಮ್ಮ ತಂದೆ ಮಿಸೆಸ್ ಕ್ಲೆಗ್ ಮನೇಲಿ ಕೂತಿರ್ತಾರೆ."

"ಅಪ್ಪನಿಗೆ ನಾನೇ ಹೇಳ್ತೀನಿ. ಮುಂದಿನ ತಿಂಗಳು ಊರಿಗೆ ಹೋದಾಗ, ಎದುರಿಗೆ ಕೂತು."

"ಹೇಳ್ತೀರಾ?"

ಅವನು ಸುಮ್ಮನಾದ. ಈ ಸಲದ್ದು ಕಲಿತ ಮೌನವಾಗಿರಲಿಲ್ಲ. ಮೇಲೆ ಯಾರೋ ದೀಪಗಳನ್ನು ಒಂದೊಂದಾಗಿ ಹಚ್ಚಿ ನೋಡುತ್ತಿದ್ದರು. ಅಡುಗೆಮನೆ ಬೆಳಗಾಯಿತು, ಕತ್ತಲಾಯಿತು, ಮತ್ತೆ ಬೆಳಗಾಯಿತು.

"ನಿಮಗೆ ಅರ್ಥ ಆಗಲ್ಲ" ಎಂದ ಕೊನೆಗೆ. ದನಿ ಊರಿನದಾಗಿತ್ತು. "ಆ ಎರಡನೇ ಅರ್ಧ ನನ್ನದು. ಹುಡುಗಿ ಬಂದಿದಾಳೆ ಅಂದ್ಕೊಂಡೆ, ದೇವರು ದನಿ ಕೊಟ್ಟ, ಎಲ್ಲ ನಾನು ಕಟ್ಟಿದ್ದು. ಅವರು ಹಾಗೆ ಹೇಳೋಕೆ ಹೊರಟಿರ್ಲಿಲ್ಲ ಅಂದ್ರೆ? ಇಡೀ ಬೀದಿ ಎದುರಿಗೆ, ಇದು ನಾನಲ್ಲ, ನನ್ನ ಮಗನಿಗೆ ಏನೂ ತಿಳಿದಿಲ್ಲ ಅಂದ್ರೆ? ಭಾನುವಾರ ಯಾರೂ ಕೇಳ್ಲಿಲ್ಲ, ಎಲ್ರೂ ಹೊಗಳಿದ್ರು. ಹಾಗೇ ಇರ್ಲಿ ಬಿಡಿ."

"ಬೀದಿಯವರು ಆಗಲೇ ಓದ್ಕೊಂಡಿದಾರೆ, ಮಿಸ್ಟರ್ ಬೂತ್. ಇನ್ನು ಉಳಿದೋರು ಅವರೊಬ್ಬರೇ."

"ಅದಕ್ಕೇ ಕೇಳ್ತಿರೋದು."

ಸ್ಟುಡಿಯೋದ ದೊಡ್ಡ ಬಾಗಿಲು ತೆರೆದು ಜನ ಹಿಂದಿರುಗತೊಡಗಿದರು. ಆಂಬ್ರೋಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ತುಟಿಯಲ್ಲೇ ಸಾಲುಗಳನ್ನು ಗುಣುಗುಣಿಸುತ್ತಾ ಬಂದು ತಮ್ಮ ಕುರ್ಚಿಗಾಗಿ ಕಾದರು. ಡೆನಿಸ್ ಎದ್ದ. ನನ್ನ ಹತ್ತಿರ ಬಗ್ಗಿ, ಅವರಿಗೆ ಕೇಳಿಸದ ಹಾಗೆ ಹೇಳಿದ.

"ಹೋಗ್ಲಿ, ಅಪ್ಪನ ಅರ್ಧ ಅಪ್ಪನದು. ಅದು ಕೇಳಿಸ್ಲಿ. ನನ್ನ ಅರ್ಧಕ್ಕೆ ಒತ್ತಿ. ಅಷ್ಟಾದ್ರೂ ಮಾಡಿ."

"ಇಲ್ಲ, ಮಿಸ್ಟರ್ ಬೂತ್" ಎಂದೆ. "ಅದಕ್ಕೂ ಒತ್ತೋದಿಲ್ಲ."